ನಿಜ ಆದರೆ

ದೆಬ್ರೆತ್ಸೆನ್, ಎಪ್ಪತ್ತೊಂಬತ್ತರ ಫೆಬ್ರವರಿ.
ಊರಿಗೆಲ್ಲ ಉಳಿದಿರುವುದು ಒಂದೇ ಟ್ರಾಮ್ ಹಳಿ.
ಎತೆಲ್ಕಾ ಅದರಲ್ಲೇ ಬರುತ್ತಾಳೆ, ಬ್ಯಾಗಿನಲ್ಲಿ
ಹೊಸ ರಿಬ್ಬನ್ನು, ಕಾರ್ಬನ್ ಕಾಗದ, ಹುರಿದ ಕುಂಬಳ ಬೀಜ.

ಇಪ್ಪತ್ತಾರು ವರ್ಷದಿಂದ ಗಣಿತ ವಿಭಾಗದ ಬೆರಳಚ್ಚು ಅವಳದು.
ಝೀಟಾ ಬಂದಲ್ಲಿ ಜಾಗ ಬಿಟ್ಟು ಆಮೇಲೆ
ಪೆನ್ನಿನಲ್ಲಿ ಬರೆಯುತ್ತಾಳೆ, ಬಾಲ ಮಡಿಸಿದ ಬೆಕ್ಕನ್ನು.
ಅರ್ಥ ಕೇಳಿದವಳಲ್ಲ. ಇಷ್ಟು ಮಾತ್ರ ಗೊತ್ತು:
ಪ್ರಮೇಯಕ್ಕೆ ಪ್ರಮೇಯ ಹೀಗೇ ಶುರು,
"ಆ ಊಹೆ ನಿಜವಾದರೆ".
ನಾವು ಕೊನೆಗೆ ಅಂಟಿಸುವ 'ರೆ'
ಅವಳ ಭಾಷೆಯಲ್ಲಿ ಎಲ್ಲಕ್ಕೂ ಮೊದಲು: 'ಹಾ'.
ಎರಡೇ ಕೀಲಿ. ಗಾಜಿನ ಮೇಲೆ ಬಿಟ್ಟ ಉಸಿರಿನಷ್ಟು.
ನಮ್ಮಲ್ಲಿ ಇನ್ನೂ ಕಷ್ಟ.
ನಿಜ ಆದರೆ, ಎಂದು ತಡೆದು ನಿಂತವನು
ಷರತ್ತು ಹಾಕುತ್ತಿದ್ದಾನೋ, ತಕರಾರು ತೆಗೆಯುತ್ತಿದ್ದಾನೋ?

ಪ್ರೊಫೆಸರ್ ವಾರ್ಹೆಯಿ ಒಮ್ಮೆ ಟ್ರಾಮಿನಲ್ಲಿ ಕೈಗವಸು ಬಿಚ್ಚಿ
ಮಂಜುಗಟ್ಟಿದ ಕಿಟಕಿಗೆ ಗೆರೆ ಎಳೆದಿದ್ದ:
"ಎರಡು, ಮೂರು, ಐದು, ಏಳು, ಹನ್ನೊಂದು...
ಅವಿಭಾಜ್ಯಗಳು ಕೈಜಾರಿ ಚೆಲ್ಲಿದ ಹಾಗೆ ಕಾಣುತ್ತವೆ.
ಅವುಗಳ ಲೆಕ್ಕ ಇರುವುದು ಈ ಸೊನ್ನೆಗಳ ಹತ್ತಿರ.
ಇದುವರೆಗೆ ಸಿಕ್ಕ ಲಕ್ಷಾಂತರವೂ ಈ ಒಂದೇ ಗೆರೆಯ ಮೇಲೆ."
"ನಮ್ಮ ಸ್ಟಾಪುಗಳ ಹಾಗೆ," ಅಂದಳು.
"ಹಾಗೇ. ಒಂದೇ ಒಂದು ಆಚೆ ಕಾಡಿನಲ್ಲಿ ನಿಂತಿದ್ದರೂ
ನನ್ನ ಹನ್ನೊಂದು ಪ್ರಮೇಯ ಸೌದೆ."

ಆ ರಾತ್ರಿ ಓಡಿಬಂದ, ಮಫ್ಲರಿಲ್ಲದೆ.
"ಸಿಕ್ಕಿತು. ಎಲ್ಲ 'ಹಾ' ತೆಗೆದುಬಿಡಿ."

ತೆಗೆದಳು, ಬೆಳಗಿನವರೆಗೆ, ಬ್ಲೇಡಿನಿಂದ ಕೆರೆದು, ಊದಿ,
ಎಪ್ಪತ್ತಮೂರು ಕಡೆ. ಉಳಿದದ್ದು: ಊಹೆ ನಿಜ.
ಹಿಟ್ಟಿನ ಕಟ್ಟು ಬಿಚ್ಚಿದ ತೋಳಿನ ಹಾಗೆ
ಬೆಳ್ಳಗೆ, ಬಡಕಲಾಗಿ,
ಏನನ್ನೂ ಎತ್ತಲು ಹೆದರುವ ವಾಕ್ಯಗಳು.

ಒಂಬತ್ತಕ್ಕೆ ಬಂದ. ಬೂಟಿನ ಹಿಮ
ಕರಗಿ ನೆಲ ಒದ್ದೆಯಾಗುವ ತನಕ ಸುಮ್ಮನೆ ಕೂತ.
"ಹದಿನೇಳನೆಯ ಪುಟ," ಅಂದ.
"ಎರಡು ಮೊತ್ತ ಅದಲುಬದಲು ಮಾಡಿದ್ದೇನೆ.
ಮಾಡುವಂತಿರಲಿಲ್ಲ."

ಕುಂಬಳ ಬೀಜದ ಪೊಟ್ಟಣ ಅವನತ್ತ ಸರಿಸಿ
ಮೊದಲ ಹಾಳೆಯನ್ನು ಮತ್ತೆ ಯಂತ್ರಕ್ಕೇರಿಸಿದಳು.
ಕೆರೆದು ತೆಳುವಾದಲ್ಲಿ ಕೀಲಿ ಬಡಿದು
ಕಾಗದ ತೂತು. ಬೆಳಕಿಗೆ ಹಿಡಿದರೆ
ಪ್ರಮೇಯದ ನೆತ್ತಿಯಲ್ಲಿ ಒಂದು ಸಣ್ಣ ಸೊನ್ನೆ.

ಸಂಜೆಯ ಟ್ರಾಮು. ದಿನವೂ ತೂಕಡಿಸುತ್ತಿದ್ದವಳು
ಇವತ್ತು ತೋಳಿನಿಂದ ಕಿಟಕಿ ಒರೆಸಿ,
ಸ್ಟಾಪುಗಳನ್ನಲ್ಲ, ಅವುಗಳಾಚೆಯ
ದೊಡ್ಡಕಾಡಿನ ಕತ್ತಲನ್ನು ನೋಡುತ್ತಾಳೆ,
ಹಳಿಯೇ ಇಲ್ಲದ ಕಡೆ ಯಾರಾದರೂ
ಚೀಲ ಹಿಡಿದು ಕಾದು ನಿಂತಿದ್ದಾರೆಯೇ ಎಂದು.