ತಪ್ಪು ಬೆರಳು

ವೊರು ಊರಿನ ಗ್ರಂಥಾಲಯ, ಮಧ್ಯಾಹ್ನ ಮೂರೂವರೆಗೇ ಕತ್ತಲು.
ಹಿಲ್ಯಾ ಕೈಗವಸಿನೊಳಗಿಂದ ಪೆನ್‌ಡ್ರೈವ್ ತೆಗೆದಳು,
ಜೊತೆಗೊಂದು ಬಸ್ ಟಿಕೀಟೂ ಬಂತು.

ಪರದೆಯಲ್ಲಿ ಅವಳ ತಮ್ಮ ಔಗುಸ್ಟ್,
ತೊಡೆಯ ಮೇಲೆ ಅಕಾರ್ಡಿಯನ್.
ತಿದಿ ಹಿಗ್ಗುತ್ತದೆ, ಕುಗ್ಗುತ್ತದೆ,
ಹಿಂದೆ ಯಾರೋ ಕಾಲು ಕುಟ್ಟುತ್ತಾರೆ.
ಸದ್ದಿಲ್ಲ.

ಸ್ಪೀಕರ್ ಹೋಗಿದೆಯಾ, ಎಂದು ವೈರು ಅಲುಗಾಡಿಸಿದಳು.
ಸ್ಪೀಕರಿಗೇನೂ ಆಗಿಲ್ಲ ಅಜ್ಜಿ.
ಹೋದ ಚಳಿಗಾಲ, ನಡುರಾತ್ರಿ, ಪ್ಯಾಕೇಜು ಕಟ್ಟುವಾಗ
ಯಾವುದೋ ದೇಶದ ಪೇಟೆಂಟಿಗೆ ಹೆದರಿ
ಆ ಕೊಡೆಕ್ ಕಿತ್ತವನು ನಾನೇ.
ಒಂದೇ ಸಾಲು. ಪಕ್ಕದಲ್ಲಿ ಷರಾ ಬೇರೆ:
'ಬಳಸುವವರು ಕಡಿಮೆ.'

ಹೇಳಲಿಲ್ಲ. ಕೀಲಿಮಣೆಯ ಧೂಳು ಒರೆಸಿದೆ.

ಅವಳೋ ಪರದೆಗೆ ಮೂಗು ತಾಗಿಸಿ ಕೂತಿದ್ದಳು.
"ನೋಡು, ನೋಡು, ಇಲ್ಲಿ ಮತ್ತೆ ತಪ್ಪಿದ!
ನಲವತ್ತು ವರ್ಷ ಬಡಕೊಂಡೆ,
ಉಂಗುರದ ಬೆರಳು ಅಲ್ಲಲ್ಲವೋ ಅಂತ."

ನಾವು ಹೆಸರೆತ್ತಬಾರದ ಭಂಡಾರವೊಂದರಿಂದ
ಕೊಡೆಕ್ ಇಳಿಸಿಕೊಂಡೆ.
ನಾಲ್ಕು ನಿಮಿಷ. ಹಿಮ ಕಿಟಕಿಯ ಅರ್ಧಕ್ಕೆ ಏರಿತ್ತು.

ಮೊದಲು ಕಾಲು ಕುಟ್ಟುವುದು ಕೇಳಿಸಿತು,
ಆಮೇಲೆ ರಾಗ,
ಆಮೇಲೆ, ಅವಳು ಬೆರಳೆತ್ತಿದ ಕಡೆಯೇ,
ಅಪಸ್ವರ.