ನಾಲ್ಕು ಕ

ಗ್ರಿಮ್ಸ್‌ಬಿಯ ಹಳೆಯ ಮೀನುಧಕ್ಕೆಯ ಹಿಂದೆ,
ಐಸ್ ಫ್ಯಾಕ್ಟರಿಯ ನೆರಳು ಮೂರು ಗಂಟೆಗೇ ಬೀಳುವ ಓಣಿಯಲ್ಲಿ
ವಿಲ್ಫ್ರೆಡ್ ಡ್ರಿಂಗ್ ಅವರ ರಿಪೇರಿ ಅಂಗಡಿ.
ಹೆಸರೇ ಕರೆಗಂಟೆಯಂತಿದೆ ಎಂದೋ ಏನೋ
ಬಾಗಿಲಿಗೆ ಗಂಟೆ ಹಾಕಿಸಿಲ್ಲ.

ದೋಣಿಗಳ ರೇಡಿಯೊ, ಮೀನು ಹುಡುಕುವ ಯಂತ್ರ,
ಯಾರದೋ ಅತ್ತೆ ಬಿಟ್ಟುಹೋದ ವಾಲ್ವ್ ಸೆಟ್ಟು,
ಇಲ್ಲಿಗೆ ಬರುವ ಎಲ್ಲಕ್ಕೂ ಉಪ್ಪು ಹಿಡಿದಿರುತ್ತದೆ.
ಶನಿವಾರ ನಾನು ಬರುತ್ತೇನೆ.
ಬಳ್ಳಾರಿ ಐಟಿಐಯಲ್ಲಿ ಕಲಿತ ಬೆಸುಗೆ
ಇನ್ನೂ ಕೈಯಲ್ಲಿದೆಯೇ ಎಂದು ಒಂದು ಕೀಲು ಹಾಕಿಸಿ ನೋಡಿ
‘ಹ್ಞೂಂ’ ಅಂದಿದ್ದರು. ಅಷ್ಟೇ ಸಂದರ್ಶನ.

ಗೋಡೆಗೊಂದು ಕಪಾಟು, ಅದಕ್ಕೆ ಅರವತ್ತು ಪುಟ್ಟ ಖಾನೆ.
ಸಾಲದ್ದಕ್ಕೆ ತಂಬಾಕಿನ ತಗಡು, ಕೆಮ್ಮಿನ ಗುಳಿಗೆಯ ಡಬ್ಬಿ,
ಮೂರು ಕಾಲಿನ ಟ್ರಾನ್ಸಿಸ್ಟರುಗಳು ಕೂತ ಮೊಟ್ಟೆ ಟ್ರೇ,
‘ಬೇಕಾಗಬಹುದು’ ಎಂದು ಬರೆದ ಒಂದು ಬಕೆಟ್ಟು.
ಮಸಾಲೆ ಡಬ್ಬಿಯ ಹಾಗೆ ಎಂದು ನಾನು ಹೇಳಲಾರೆ.
ಸಾಸಿವೆ ಚೆಲ್ಲಿದರೆ ಗುಡಿಸಿ ಎಸೆಯಬಹುದು.

ಚೆಲ್ಲಿದ್ದು ಫೆಬ್ರವರಿಯಲ್ಲಿ.
ಬಾಗಿಲು ಗಾಳಿಗೆ ಹೊಡೆದು, ಏಣಿ ಜಾರಿ, ಕಪಾಟು ಮುಗ್ಗರಿಸಿ
ನಲವತ್ತು ವರ್ಷದ ರೆಸಿಸ್ಟರುಗಳು ನೆಲದ ಮೇಲೆ,
ಭತ್ತದ ಕಾಳಿನಷ್ಟು ಮೈ, ಎರಡೂ ಕಡೆ ತಂತಿಮೀಸೆ,
ಮೈತುಂಬ ಬಣ್ಣದ ಬಳೆ.
ಇಬ್ಬರೂ ಮಂಡಿಯೂರಿದೆವು.
ನಾನು ಬಣ್ಣ ನೋಡಿ ಎತ್ತುತ್ತಿದ್ದೆ.
ಅವರು ಒಂದೊಂದನ್ನೂ ಮೀಟರಿಗೆ ಹಿಡಿಯುತ್ತಿದ್ದರು.
‘ಈಗಿನ ಮಾಲು ನಂಬಬಾರದು’ ಅಂದರು.
ಈಗಿನ ಮಾಲು! ಕೆಲವು ನನಗಿಂತ ಹಿರಿಯವು.

ಚೆಲ್ಲದೆ ಉಳಿದ ಖಾನೆಯೊಂದಿತ್ತು.
ಅವರದೇ ಕೈಬರಹದ ಚೀಟಿ: ಒಂದು ಸಾವಿರ.
ಒಳಗೆ ಹತ್ತು ಸಾವಿರದವೂ ಇದ್ದವು.
ಕಂದು ಕಪ್ಪು ಕೆಂಪಿನ ಜೊತೆ ಕಂದು ಕಪ್ಪು ಕಿತ್ತಳೆ.
ತಳದಲ್ಲಿ ಎಲ್ಲ ಸರಿ.
ನಡುವೆ ಅಲ್ಲೊಂದು ಇಲ್ಲೊಂದು.
ಮೇಲಿನ ಪದರ ಪೂರ್ತಿ ಕಲಬೆರಕೆ.
ಬಾವಿ ತೋಡುವವರು ಮಣ್ಣು ನೋಡಿ ಹೇಳುವಂತೆ
ಕಣ್ಣು ಯಾವಾಗಿನಿಂದ ಕೈಕೊಟ್ಟಿದೆ ಎಂದು
ಅಳೆದು ಹೇಳಬಹುದಿತ್ತು.
ಖಾನೆ ಮುಚ್ಚಿದೆ. ಅವರು ಮುಚ್ಚಿದ್ದನ್ನು ನೋಡಿದರು.

ಚಹಾ ಮಾಡಿ ತಂದರು. ಸಕ್ಕರೆ ಮರೆತಿದ್ದರು.
‘ಬಣ್ಣಗಳ ಸಾಲು ಹೇಗೆ ನೆನಪಿಡುತ್ತೀ?
ನಮಗೆ ನೌಕಾಪಡೆಯಲ್ಲಿ ಒಂದು ವಾಕ್ಯ ಕಲಿಸಿದ್ದರು,
ನಿನ್ನ ಮುಂದೆ ಹೇಳುವಂಥದ್ದಲ್ಲ.’
ಕಿವಿ ಕೆಂಪಾಯಿತು. ಕೆಂಪು ಅಂದರೆ ಎರಡು.
ಎರಡೂ ಕಿವಿ.

ಐಟಿಐಯಲ್ಲಿ ಕಲಿತದ್ದು ಇಂಗ್ಲಿಷಿನಲ್ಲೇ.
ಅದೇಕೋ ಆ ಹೊತ್ತು ಬಾಯಿಗೆ ಕನ್ನಡ ಬಂತು:
ಕಪ್ಪು, ಕಂದು, ಕೆಂಪು, ಕಿತ್ತಳೆ,
ಹಳದಿ, ಹಸಿರು,
ನೀಲಿ, ನೇರಳೆ,
ಬೂದು, ಬಿಳಿ.
ಹೇಳುತ್ತ ಹೇಳುತ್ತ ನಾನೇ ಬೆಚ್ಚಿದೆ.
ಕ ಕ ಕ ಕ, ಹ ಹ, ನ ನ, ಬ ಬ.
ಸೊನ್ನೆಯಿಂದ ಒಂಬತ್ತರವರೆಗೆ ಯಾರೋ ಜೋಡಿಸಿಟ್ಟ ಹಾಗೆ,
ಇಷ್ಟು ದಿನ ನನ್ನ ಬಾಯಲ್ಲೇ ಇದ್ದೂ ನಾನು ಕೇಳಿಸಿಕೊಳ್ಳದ್ದು.

ಸೂರಿನ ಮೇಲೆ ಕಡಲಕ್ಕಿಯೊಂದು ಕಕಕಕ ಅಂತು.
ಡ್ರಿಂಗ್ ಹಹ ಅಂದರು.
ಆಮೇಲೆ ನನಬಬ, ನನಬಬ ಎಂದು
ಮಗು ಮಾತು ಕಲಿಯುವಂತೆ ಬೆಂಚಿನ ಮೇಲೆ ಬೆರಳು ತಟ್ಟಿದರು.
ಎಪ್ಪತ್ತೆಂಟರ ನಾಲಗೆ.

ನಾನು ಮಾತ್ರ ನಾಲ್ಕು ಕಗಳಲ್ಲೇ ಸಿಕ್ಕಿಬಿದ್ದಿದ್ದೆ.
ಅವರ ಕಣ್ಣಿಗೆ ಒಂದೇ ಆಗಿಹೋದ ಆ ನಾಲ್ವರನ್ನು
ನನ್ನ ಭಾಷೆಯೂ ಒಂದೇ ಅಕ್ಷರದ ಮನೆಯಲ್ಲಿಟ್ಟಿದೆ.
ಆಸರೆ ಬೇಕಾದಲ್ಲೇ ಮೆಟ್ಟಿಲಿಲ್ಲ.

ಈಗ ಶನಿವಾರ ಹೀಗೆ:
ಹೊಸ ಚೀಟಿ, ದಪ್ಪ ಅಂಕಿ, ಕೆಳಗೆ ನನ್ನ ಕನ್ನಡ.
ಅವರಿಗೆ ಓದಲು ಬರದು; ಕ ಮಾತ್ರ ಗುರುತು ಸಿಗುತ್ತದೆ,
‘ಗಾಳ ಕಚ್ಚಿದ ಮೀನು’ ಅನ್ನುತ್ತಾರೆ.
ಮೀಟರು ಡ್ರಾಯರಿನಲ್ಲಿದೆ, ನಾನಿಲ್ಲದ ದಿನಗಳಿಗೆ.
ಐದು ಗಂಟೆಗೆ ದೀಪದ ಕೆಳಗೆ ಒಂದನ್ನು ಎತ್ತಿ ಹಿಡಿಯುತ್ತಾರೆ.
ಮೂರನೆಯ ಬಳೆ ತೋರಿಸುತ್ತಾರೆ.
‘ಕ’ ಅನ್ನುತ್ತೇನೆ.
ಕನ್ನಡಕ ಹಣೆಗೇರಿಸಿ, ಪೂರ್ತಿ ನನ್ನ ಕಡೆ ತಿರುಗಿ
ಕೇಳುತ್ತಾರೆ:
ಯಾವ ಕ?