ಒತ್ತು

ಇನಾಸನ ಕೀಬೋರ್ಡು ಮೇಜಿನ ಮೇಲೆ ಬೋರಲು ಮಲಗಿದೆ.
ತಳದ ಇಪ್ಪತ್ಮೂರು ತಿರುಪು ಬಿಚ್ಚಿ ಬಟ್ಟಲಲ್ಲಿಟ್ಟಿದ್ದೇನೆ.
ಕೋಡಿಬಾಗದ ನನ್ನ ಅಂಗಡಿಗೆ ಬರುವುದು
ದೋಣಿಯ ವೈರ್‌ಲೆಸ್ಸು, ಮಿಕ್ಸರು, ಇಗರ್ಜಿಯ ಮೈಕು.
ಇಂಥದು ಮೊದಲ ಸಲ.

ದೂರು ಏನೆಂದರೆ:
'ಸ್ವರ ಬರುತ್ತದೆ ಪುರ್ಸೋ, ಬಂದದ್ದು ಬಂದ ಹಾಗೇ ಇರುತ್ತದೆ.
ಮೊದಲು ಒತ್ತಿ ಹಿಡಿದು, ಇನ್ನೂ ಒಂಚೂರು ಒತ್ತಿದರೆ
ಒಳಗಿಂದ ಅಲುಗುತ್ತಿತ್ತು.'
ಎಷ್ಟು ಒಂಚೂರು ಎಂದೆ.
ನನ್ನ ಮಣಿಕಟ್ಟು ಹಿಡಿದು ತೋರಿಸಿದ:
ನಾಡಿ ನೋಡುವುದಕ್ಕಿಂತ ಜಾಸ್ತಿ, ಜಗಳಕ್ಕಿಂತ ಕಡಿಮೆ.

ಹಾರ್ಮೋನಿಯಂ ಗೊತ್ತು ನನಗೆ.
ಬೈತಖೋಲದ ಭಜನೆಯಲ್ಲಿ ಅಪ್ಪ ಎಡಗೈಯಿಂದ ಗಾಳಿ ಹಾಕುತ್ತಿದ್ದ.
ದುಃಖವೆಲ್ಲ ಎಡಗೈಯಲ್ಲಿತ್ತು,
ಬಲಗೈ ಬರೀ ಗುಮಾಸ್ತ.
ಇದಕ್ಕೆ ತಿದಿಯಿಲ್ಲ. ಹೊಡೆದ ಜೋರಿಗೆ ಒಂದು ಲೆಕ್ಕ,
ಹೊಡೆದ ಮೇಲೂ ಬಿಡದೆ ಇಟ್ಟ ಭಾರಕ್ಕೆ ಇನ್ನೊಂದು.
ಆ ಎರಡನೆಯದು ಸತ್ತಿದೆ.

ಬಿಳಿಮನೆ ಕರಿಮನೆ ಎಲ್ಲ ಎತ್ತಿ ನೋಡಿದರೆ
ಕೆಳಗೆ ಈ ತುದಿಯಿಂದ ಆ ತುದಿಗೆ ಒಂದೇ ಒಂದು ಪಟ್ಟಿ,
ರಬ್ಬರಿನದು, ಶಾಲೆ ಹುಡುಗಿಯ ರಿಬ್ಬನ್ನಿನಷ್ಟು ಅಗಲ.
ಅದರ ಮೇಲೆ ಮದುವೆಗಳು:
ಅಕ್ಷತೆಯ ಕಾಳು ಒಂಬತ್ತು, ಮೇಣದ ಹನಿ,
ಜರಿಯ ಚೂರು, ಜಿರಲೆಯ ಒಂದು ಕಾಲು.
ಎಲ್ಲದರ ಮೇಲೆ ಕಡಲು,
ಉಪ್ಪುಗಾಳಿಯ ಹಸಿರು ಕಿಲುಬು, ತಂತಿಯ ಗಂಟಲವರೆಗೆ.

ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸುತ್ತ ಕೂತಾಗ
ಗಾಂವಕರ ಮಾಸ್ತರು ನೆನಪಾದರು, ಸುಮ್ಮನೆ.
ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ;
ನಾನು ಒತ್ತು ನುಂಗುವ ಹುಡುಗ.
ಕತ್ತೆ ಬರೆಯೋ ಅಂದರೆ ಕತೆ ಬರೆದೆ.
'ಅಕ್ಷರ ಮೇಲಿದ್ದರೆ ಸಾಲದೋ,
ಬುಡದಲ್ಲಿ ಭಾರ ಹಾಕು' ಎಂದು
ಕಿವಿ ಹಿಂಡಿದರು. ಹಿಡಿದು, ಆಮೇಲೆ ಇನ್ನಷ್ಟು.
ಆ ಇನ್ನಷ್ಟು ಈಗಲೂ ಇದೆ ಎಡಗಿವಿಯಲ್ಲಿ.

ಸಂಜೆ ಜೋಡಿಸಿ ಕರೆಂಟು ಕೊಟ್ಟೆ.
ಒಂದು ಮನೆ ಒತ್ತಿದೆ: ಬಂತು. ಇನ್ನೂ ಒತ್ತಿದೆ:
ಏನಿಲ್ಲ. ಉಗುರು ಬೆಳ್ಳಗಾಗುವ ತನಕ ಒತ್ತಿದೆ.
ಒಮ್ಮೆಲೇ ಕಿರುಚಿತು, ಬೆಕ್ಕಿನ ಬಾಲ ತುಳಿದಂತೆ.
ನನಗೆ ಬರುವುದು ಎರಡೇ, ಸಡಿಲಿಸುವುದು, ಬಿಗಿಯುವುದು.
ತಿರುಪಿನವನ ಕೈ.

ಮೀನುಪೇಟೆಯಿಂದ ಬಂದ ಶೇವಂತಿ ಬುಟ್ಟಿ ಇಳಿಸಿ
'ಆಚೆ ಸರಿ' ಎಂದಳು.
ಮೂವತ್ತು ವರ್ಷ ಬಂಗಡೆಯ ಹೊಟ್ಟೆ ಒತ್ತಿದ ಹೆಬ್ಬೆರಳು:
ಗುಳಿ ಬಿದ್ದು ಮೇಲೆ ಬಂದರೆ ಇವತ್ತಿನದು,
ಬಾರದಿದ್ದರೆ ನಿನ್ನೆಯದು,
ಗಿರಾಕಿಗೆ ಮಾತ್ರ ಎರಡೂ ಇವತ್ತಿನವೇ.
ಅದೇ ಬೆರಳು ಬಿಳಿಮನೆಯ ಮೇಲೆ.
ಸ್ವರ ಬಂತು. ಕಾದಳು.
ಆಮೇಲೆ, ಮೀನಿಗೆ ನೋವಾಗದ ಹಾಗೆ,
ಒಂದು ಕೂದಲೆಳೆ,
ಇನ್ನೊಂದು.

ಭರತದ ನೀರು ಕಾಳಿಯೊಳಗೆ ಹಿಂದೆ ನುಗ್ಗುವಾಗ
ಕಟ್ಟಿದ ದೋಣಿ ಅಲುಗುತ್ತದಲ್ಲ, ಹಾಗೆ.
ನಾನು ಈ ತುದಿಯಲ್ಲಿ ಹಿಡಿದಿದ್ದ ಬೇರೆರಡು ಸ್ವರಗಳೂ
ನನ್ನನ್ನು ಕೇಳದೆ ಅಲುಗಿದವು.
ಕೆಳಗೆ ಪಟ್ಟಿ ಒಂದೇ ತಾನೆ.
ಮನೆಗೊಂದು ಬೇರೆ ಪಟ್ಟಿ ಇರುವವೂ ಉಂಟಂತೆ,
ಬೆಲೆ ಕೇಳಬಾರದಂತೆ.
ನಮ್ಮದು ಹೀಗೆ, ಒಬ್ಬರು ಒತ್ತಿದರೆ ಎಲ್ಲರಿಗೂ.

'ಹೇಗೆ ಬಂತೇ ನಿನಗೆ?'
'ಇನ್ನೂ ಜೀವ ಇದೆ ಇದರಲ್ಲಿ' ಎಂದಷ್ಟೇ ಹೇಳಿ
ಕೈ ತೊಳೆಯಲು ಹೋದಳು.

ಬೆಳಿಗ್ಗೆ ಇನಾಸ ಬಂದ.
ನುಡಿಸಿ, ಕಣ್ಣು ಮುಚ್ಚಿ, ಮತ್ತೆ ನುಡಿಸಿ,
ಒಂದು ಮನೆಯ ಮೇಲೆ ನಿಂತು ಮೂಗರಳಿಸಿ
'ಮೀನಿನ ವಾಸನೆ ಎಲ್ಲಿಂದ?' ಎಂದ.
ಚೀಟಿಯಲ್ಲಿ ಆರುನೂರು ಬರೆದಿದ್ದೆ.
ಐನೂರೈವತ್ತು ಕೊಡು ಎಂದೆ.